ಷರಾ

ತೂಬಿನ ಕೋಣೆಯ ಬೀಗ ತೆಗೆದಾಗ ಸಿಕ್ಕಿದ್ದು
ಒಂದು ಟಾರ್ಚು, ಗ್ರೀಸಿನ ಡಬ್ಬಿ,
ಗೆದ್ದಲು ಮೂಲೆ ತಿಂದ ಹದಿನಾಲ್ಕು ರಿಜಿಸ್ಟರು.
ದಿನಾಂಕ, ವೇಳೆ, ನೀರಿನ ಮಟ್ಟ, ಗೇಟು ಎತ್ತಿದ್ದು ಎಷ್ಟು ಇಂಚು;
ಕೊನೆಗೆ ಬೆರಳಗಲದ ಒಂದು ಮನೆ, ಷರಾ.

ನಾನು ಹೊರಗುತ್ತಿಗೆಯವಳು,
ಹನ್ನೊಂದು ತಿಂಗಳ ಕಾಗದ ಹಿಡಿದು ಶಹಾಪುರದಿಂದ ಬಂದವಳು.
ನನಗಿಂತ ಮೊದಲು ಇಲ್ಲಿ ಲಸ್ಕರ್ ಆಗಿದ್ದವರು ಲಾಡ್ಲೆಸಾಬ.
ಬೇರೆಯವರು ಖಾಲಿ ಬಿಡುವ ಆ ಮನೆಯೊಳಗೆ
ಅವರು ಬೆಳ್ಳಕ್ಕಿ ಬರೆದಿದ್ದಾರೆ.

"ಕಲ್ಲು ಆರು. ಬೆಳ್ಳಕ್ಕಿ ಒಂದು. ದಾರಿ ತಪ್ಪಿ ಬಂದಿರಬೇಕು."
ಮರುವರ್ಷ, ಅದೇ ಕಲ್ಲು:
"ನಾಲ್ಕು. ದಾರಿ ತಪ್ಪಿಲ್ಲ."

ಆಮೇಲೆ ಸಜ್ಜೆ ಹೊಲದ ಬದು ಒಡೆದು ಮಡಿ ಕಟ್ಟಿದರು.
ನಾಟಿಯವರು ಬಂದರು, ಹೊಲಕ್ಕೆ ಕ್ಯಾಂಪು ಎಂಬ ಹೆಸರು ಬಂತು.
ಬೆಳ್ಳಕ್ಕಿ ಹತ್ತನೆಯ ಕಲ್ಲಿಗೆ, ಹದಿಮೂರನೆಯ ಕಲ್ಲಿಗೆ
ನಡೆದು ಹೋದದ್ದು ಪುಟ ತಿರುವಿದರೆ ಕಾಣುತ್ತದೆ:
ಮೊದಲು ಎತ್ತಿನ ಹಿಂದೆ,
ಎತ್ತು ಮಾರಿದ ಮೇಲೆ ಟ್ರ್ಯಾಕ್ಟರಿನ ಹಿಂದೆ,
ಕೆಸರಲ್ಲಿ ದುಡಿದೂ ಅಂಗಿ ಕೊಳೆಯಾಗದ
ಕೂಲಿಯವರ ಹಾಗೆ.

"ಮಿರಗದ ಮಳಿ. ನೆತ್ತಿ ಮ್ಯಾಲ ಅರಿಶಿಣ ಹಚಗೊಂಡಾವ.
ಮದುವಿ ಇಲ್ಲೇ. ಇನ್ನ ಹೋಗಾದಿಲ್ಲ."

ಅದರಡಿ ಕೆಂಪು ಶಾಯಿ, ಸಾಹೇಬರದು:
"ಷರಾ ನೀರಿಗೆ ಸಂಬಂಧಿಸಿದ್ದು ಮಾತ್ರ."
ಕೆಂಪಿನಡಿ ಮತ್ತೆ ನೀಲಿ:
"ನೀರಿಗೇ ಸಂಬಂಧ ಅದ ಸಾಹೇಬರ."

ಇಪ್ಪತ್ತೊಂದನೆಯ ಕಲ್ಲು ಕಾಲುವೆಯ ಬಾಲ.
ನಕಾಶೆಯಲ್ಲಿ ನೀಲಿ ಗೆರೆ; ನೆಲದಲ್ಲಿ
ಎಕ್ಕೆ ಬೆಳೆದ ತಗ್ಗು, ಕುರಿಗಳ ಹಾದಿ.
ಒಂಬತ್ತನೆಯ ರಿಜಿಸ್ಟರಿನಲ್ಲಿ ಒಂದು ಸಾಲು:
"ಇಪ್ಪತ್ತೊಂದು. ನೀರು ನಿಲ್. ಬೆಳ್ಳಕ್ಕಿ ಹದಿನೇಳು."
ಹಕ್ಕಿ ಬಂದಾವ, ಹಿಂದ ನೀರೂ ಬರ್ತದ
ಎಂದು ಊರಲ್ಲಿ ಹೇಳಿದ್ದು ಅವರೇ ಇರಬೇಕು.
ಎಕ್ಕೆ ಕಿತ್ತರು, ತಗ್ಗು ಗುಡಿಸಿದರು,
ಶಂಕ್ರೆಮ್ಮ ತಾಮ್ರದ ಕೊಡ ಹುಣಸೆ ಹಚ್ಚಿ ತಿಕ್ಕಿದಳಂತೆ.
ಏಳು ದಿನ.
ಸೋಲಾರ್ ಕಂಬ ನೆಡಲು ಬಂದ ಜೆಸಿಬಿ
ಅತ್ತ ಕಡೆ ಮಣ್ಣು ಕೆದರುತ್ತಿತ್ತು, ಮಿಡತೆ ಏಳುತ್ತಿದ್ದವು, ಅಷ್ಟೇ.
ಎಂಟನೆಯ ದಿನದ ಷರಾ ಸಣ್ಣಕ್ಷರದಲ್ಲಿದೆ:
"ತಪ್ಪು ನಂದು. ಹಕ್ಕೀದು ಅಲ್ಲ."

ಆದರೆ ನಾನು ರಾತ್ರಿ ಟಾರ್ಚು ಹಚ್ಚಿ ಹುಡುಕುವುದು
ಮೊದಲ ರಿಜಿಸ್ಟರಿನ ಬೇರೊಂದು ಹಕ್ಕಿ.
ದಿನಾ ಬೆಳಿಗ್ಗೆ ಆರಕ್ಕೆ, ನೀರಿನ ಮಟ್ಟದ ಪಕ್ಕ:
"ಗೌಜಲಕ್ಕಿ ಕೂಗಿತು."
ಅವರ ಕಿವಿಗೆ ಅದು ಸುಭಾನ್ ತೇರಿ ಕುದ್ರತ್;
ಅದೇ ಕೂಗು ನಮ್ಮ ಆಯಿಗೆ ಎತ್ತಿಕೋ, ಎತ್ತಿಕೋ.
ಎರಡನೆಯದರಲ್ಲಿ ವಾರಕ್ಕೊಮ್ಮೆ ಕೂಗುತ್ತದೆ.
ಮೂರನೆಯದರಲ್ಲಿ, ಜೋಳ ಹೋಗಿ ಬರೀ ಭತ್ತ ಆದ ವರ್ಷ,
ಒಂದು ಮಂಗಳವಾರ ಕೂಗಿದೆ.
ಅದೇ ಶಾಯಿ, ಅದೇ ಚುಕ್ಕಿ.
ಕಡೆಯದೆಂದು ಬರೆಯುವವರಿಗೆ ಗೊತ್ತಿರಲಿಲ್ಲ.
ಬಂದದ್ದಕ್ಕೆ ತಾರೀಖು ಇದೆ,
ಹೋದದ್ದಕ್ಕೆ ಬರೀ ಖಾಲಿ ಮನೆ,
ಮೇಲಿಂದ ಕೆಳಗೆ, ಹನ್ನೊಂದು ರಿಜಿಸ್ಟರು.

ಈಗ ಗೇಟಿಗೆ ಸೆನ್ಸರ್ ಕೂಡಿಸಿದ್ದಾರೆ.
ಅಂಕಿ ತಾನೇ ಯಾದಗಿರಿಗೆ ಹೋಗುತ್ತದೆ,
ಆ್ಯಪಿನಲ್ಲಿ ಷರಾ ಇಲ್ಲ.
ಗ್ರೀಸು ಹಚ್ಚುವುದಷ್ಟೇ ನನ್ನ ಕೆಲಸ.

ಬಸ್‌ಸ್ಟ್ಯಾಂಡಿನಲ್ಲಿ ನೂರು ಪುಟದ ನೋಟುಬುಕ್ಕು ತಂದೆ.
ಸ್ಕೇಲು ಇರಲಿಲ್ಲ, ಟಾರ್ಚಿನ ಅಂಚಿಟ್ಟು ಗೆರೆ ಎಳೆದೆ.
ಬೆಳ್ಳಕ್ಕಿಯನ್ನು ಎಣಿಸುವ ಮಾತೇ ಇಲ್ಲ,
ತಂತಿಯ ಮೇಲೆ, ಎಮ್ಮೆಯ ಮೇಲೆ, ಶಾಲೆಯ ಗೋಡೆಯ ಮೇಲೆ;
ಅವು ಇಲ್ಲದ ಕಾಲ ಇತ್ತೆಂದರೆ
ಕ್ಯಾಂಪಿನ ಹುಡುಗರು ನಗುತ್ತಾರೆ.

ಆರು ಗಂಟೆ. ಕಿವಿಗೊಟ್ಟು ಕೂತಿದ್ದೆ.
ನೀರಿನ ಸದ್ದು, ದೂರದಲ್ಲಿ ಪಂಪ್‌ಸೆಟ್.
ಇಲಾಖೆಯ ಭಾಷೆಯಲ್ಲಿ ನಿಲ್ ಎಂದರೆ ಇಲ್ಲ.
ನಮ್ಮ ಭಾಷೆಯಲ್ಲಿ ನಿಲ್ ಎಂದರೆ
ಹೋಗಬೇಡ.

ಕಲ್ಲು ಆರು.
ಗೌಜಲಕ್ಕಿ, ನಿಲ್.